ನಾಟಕದ ಮೊದಲ ಪಾಠ: ಮಳವಳ್ಳಿಯ ಕಥೆ, ಮದ್ದೂರಿನ ಬಾವುಟ, ಮಂಡ್ಯದ ರಂಗ

ಸುಗ್ಗಿ ಮುಗಿದು ಹಬ್ಬ ಜಾತ್ರೆಗಳ ಕಾಲ ಬಂತೆಂದರೆ ಮಂಡ್ಯ ಜಿಲ್ಲೆಯ ಊರುಗಳಲ್ಲಿ ಹಾರ್ಮೋನಿಯಂ ಸದ್ದು ಕೇಳಿಸತೊಡಗುತ್ತದೆ. ‘ಕುರುಕ್ಷೇತ್ರ’, ‘ದಕ್ಷಯಜ್ಞ’, ‘ಸಂಪೂರ್ಣ ರಾಮಾಯಣ’ಗಳಂತಹ ಪೌರಾಣಿಕ ನಾಟಕಗಳಿಗೆ ತಿಂಗಳುಗಟ್ಟಲೆ ಪ್ರಾಕ್ಟೀಸ್ ನಡೆಯುತ್ತದೆ. ಹಗಲು ಗದ್ದೆಯಲ್ಲಿ ದುಡಿದವರು ರಾತ್ರಿ ಕಂದಪದ್ಯಗಳನ್ನು ಬಾಯಿಪಾಠ ಮಾಡುತ್ತಾರೆ. ಪ್ರದರ್ಶನದ ರಾತ್ರಿ ತಾಯಂದಿರ ಮಡಿಲಲ್ಲಿ ತೂಕಡಿಸುವ ಮಕ್ಕಳು ಭೀಮ ದುರ್ಯೋಧನರ ಗದೆಯ ಸದ್ದಿಗೆ ಎಚ್ಚರಗೊಳ್ಳುತ್ತಾರೆ.

ಇದೇ ಮಕ್ಕಳು ಆರನೆಯ, ಏಳನೆಯ ತರಗತಿಗೆ ಬಂದಾಗ ಪಠ್ಯಪುಸ್ತಕದಲ್ಲಿ ನಾಟಕದ ಪಾಠವೊಂದನ್ನು ಓದುತ್ತಾರೆ. ಅಂಕ, ದೃಶ್ಯ, ಸಂಭಾಷಣೆ, ಸ್ವಗತ ಎಂಬ ಪದಗಳ ಅರ್ಥವನ್ನು ಪರೀಕ್ಷೆಗಾಗಿ ಬರೆದುಕೊಳ್ಳುತ್ತಾರೆ. ಊರಿನಲ್ಲಿ ಕಂಡ ನಾಟಕಕ್ಕೂ ಪುಸ್ತಕದಲ್ಲಿ ಓದಿದ ನಾಟಕಕ್ಕೂ ಇರುವ ನಂಟನ್ನು ಹೇಳಿಕೊಡುವವರು ವಿರಳ. ಶಾಲಾ ವಾರ್ಷಿಕೋತ್ಸವದಲ್ಲಿ ಚಲನಚಿತ್ರ ಗೀತೆಗಳ ನೃತ್ಯಕ್ಕೆ ದೊರೆಯುವ ಅವಕಾಶ ನಾಟಕಕ್ಕೆ ದೊರೆಯುವುದೂ ಅಪರೂಪವಾಗಿದೆ.

ನಾಟಕದ ಮೂಲಾಂಶಗಳನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಳವಳ್ಳಿ, ಮದ್ದೂರು ಮತ್ತು ಮಂಡ್ಯ ಈ ಮೂರು ಊರುಗಳ ಪರಿಸರದಲ್ಲಿಯೇ ಅವುಗಳಿಗೆ ತಕ್ಕ ಉದಾಹರಣೆಗಳಿವೆ. ಹಿರಿಯ ಪ್ರಾಥಮಿಕ ಶಾಲೆಯ ವಿದ್ಯಾರ್ಥಿಗಳು, ಅವರ ಶಿಕ್ಷಕರು ಹಾಗೂ ಪೋಷಕರಿಗೆ ಉಪಯೋಗವಾಗುವಂತೆ ಅವುಗಳನ್ನು ಇಲ್ಲಿ ಪರಿಚಯಿಸಲಾಗಿದೆ.

ನಾಟಕ ಎಂದರೇನು?

ಭಾರತೀಯ ಕಾವ್ಯಮೀಮಾಂಸೆ ಕಾವ್ಯವನ್ನು ಶ್ರವ್ಯ ಮತ್ತು ದೃಶ್ಯ ಎಂದು ಎರಡಾಗಿ ವಿಂಗಡಿಸುತ್ತದೆ. ಕೇಳಿ ಸವಿಯುವುದು ಶ್ರವ್ಯಕಾವ್ಯ. ಕಣ್ಣಿನಿಂದ ಕಂಡು, ಕಿವಿಯಿಂದ ಕೇಳಿ ಸವಿಯುವುದು ದೃಶ್ಯಕಾವ್ಯ. ನಾಟಕ ಎರಡನೆಯ ವರ್ಗಕ್ಕೆ ಸೇರಿದ್ದು. ಭರತಮುನಿಯ ಹೆಸರಿನಲ್ಲಿರುವ ‘ನಾಟ್ಯಶಾಸ್ತ್ರ’ ಈ ಕಲೆಯ ಪ್ರತಿಯೊಂದು ಅಂಗವನ್ನೂ ವಿವರಿಸುವ ಪ್ರಾಚೀನ ಗ್ರಂಥ. ಗ್ರೀಸ್ ದೇಶದ ಅರಿಸ್ಟಾಟಲ್ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ದುರಂತ ನಾಟಕಕ್ಕೆ ಆರು ಅಂಗಗಳನ್ನು ಹೇಳಿದ್ದಾನೆ. ಅವು ಕಥಾಸಂವಿಧಾನ, ಪಾತ್ರ, ಚಿಂತನೆ, ಭಾಷೆ, ಸಂಗೀತ ಮತ್ತು ದೃಶ್ಯ. ಇವುಗಳಲ್ಲಿ ಕಥಾಸಂವಿಧಾನಕ್ಕೆ ಮೊದಲ ಸ್ಥಾನವನ್ನೂ ದೃಶ್ಯವೈಭವಕ್ಕೆ ಕೊನೆಯ ಸ್ಥಾನವನ್ನೂ ಆತ ಕೊಟ್ಟಿರುವುದು ಗಮನಾರ್ಹ.

ಸರಳವಾಗಿ ಹೇಳುವುದಾದರೆ ನಾಟಕಕ್ಕೆ ಮೂರು ಸಂಗತಿಗಳು ಬೇಕು. ಮೊದಲನೆಯದು ಮಾಡುವವರು, ಎರಡನೆಯದು ನೋಡುವವರು, ಮೂರನೆಯದು ಇವರಿಬ್ಬರ ನಡುವೆ ಆ ಕ್ಷಣದಲ್ಲಿ ನಡೆಯುವ ಒಂದು ಘಟನೆ. ಪರದೆ, ಕಿರೀಟ, ದೀಪ, ಮೈಕು ಇವೆಲ್ಲವೂ ಅನಂತರದ ಅನುಕೂಲಗಳು.

ಶಾಲೆಗಳಲ್ಲಿ ನಡೆಯುವ ಛದ್ಮವೇಷ ಸ್ಪರ್ಧೆಯನ್ನು ಇದಕ್ಕೆ ಹೋಲಿಸಿ ನೋಡಬಹುದು. ಬಾಲಕಿಯೊಬ್ಬಳು ಕಿತ್ತೂರು ಚೆನ್ನಮ್ಮನ ವೇಷ ಧರಿಸಿ, ಕತ್ತಿ ಹಿಡಿದು, ನಾಲ್ಕು ಮಾತುಗಳನ್ನು ಒಪ್ಪಿಸುತ್ತಾಳೆ. ಅಲ್ಲಿ ವೇಷವಿದೆ, ಮಾತಿದೆ, ಪ್ರೇಕ್ಷಕರಿದ್ದಾರೆ. ಆದರೆ ಎದುರಿನಲ್ಲಿ ನಿಂತು ಚೆನ್ನಮ್ಮನನ್ನು ತಡೆಯುವವರಿಲ್ಲ. ಆ ಮಾತುಗಳಿಂದ ಏನೂ ಬದಲಾಗುವುದಿಲ್ಲ. ತಡೆಯುವ ವ್ಯಕ್ತಿಯೊಬ್ಬ ಎದುರಿಗೆ ಬಂದು ನಿಂತೊಡನೆ ಮುಂದೇನಾಗುವುದೋ ಎಂಬ ಕುತೂಹಲ ಹುಟ್ಟುತ್ತದೆ. ನಾಟಕ ಆರಂಭವಾಗುವುದು ಅಲ್ಲಿಂದ.

ಮಳವಳ್ಳಿ: ಕಥೆ ನಾಟಕವಾಗುವ ಬಗೆ

ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮುಖ್ಯ ಕೇಂದ್ರ. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರು ತಂಬೂರಿ, ಗಗ್ಗರ, ಢಕ್ಕೆಗಳ ಹಿಮ್ಮೇಳದಲ್ಲಿ ಇಡೀ ರಾತ್ರಿ ಕಥೆ ಮಾಡುತ್ತಾರೆ. ಮಳವಳ್ಳಿ ಮಹದೇವಸ್ವಾಮಿಯವರ ಗಾಯನದಿಂದ ಈ ಪರಂಪರೆ ನಾಡಿನ ಮನೆಮನೆಗಳಿಗೂ ತಲುಪಿತು.

ಮಂಟೇಸ್ವಾಮಿಯು ಬಸವಣ್ಣನ ಕಲ್ಯಾಣಕ್ಕೆ ಬರುವ ಪ್ರಸಂಗ ಈ ಕಾವ್ಯದ ಪ್ರಸಿದ್ಧ ಭಾಗ. ಅಸಹ್ಯ ಹುಟ್ಟಿಸುವ ರೂಪದಲ್ಲಿ ಬಂದ ಆತನನ್ನು ಬಾಗಿಲಲ್ಲಿಯೇ ತಡೆಯುತ್ತಾರೆ. ಹೊರಗಿನ ವೇಷವನ್ನು ಕಂಡವರು ಒಳಗಿನ ಮಹಿಮೆಯನ್ನು ಕಾಣಲಾರರು ಎಂಬುದು ಪ್ರಸಂಗದ ತಿರುಳು.

ನೀಲಗಾರರು ಈ ಪ್ರಸಂಗವನ್ನು ಹಾಡುವಾಗ ಒಬ್ಬನೇ ಗಾಯಕ ಮಂಟೇಸ್ವಾಮಿಯೂ ಆಗುತ್ತಾನೆ, ಕಾವಲುಗಾರನೂ ಆಗುತ್ತಾನೆ, ಮರುಕ್ಷಣವೇ ಕಥೆಗಾರನಾಗಿ ಹೊರಗೆ ನಿಂತು ವಿವರಣೆ ಕೊಡುತ್ತಾನೆ. ಇದು ಕಥನ. ಇದೇ ಪ್ರಸಂಗವನ್ನು ನಾಟಕ ಮಾಡಬೇಕಾದರೆ ಕಥೆಗಾರ ಬದಿಗೆ ಸರಿಯಬೇಕು. ‘ಕಾವಲುಗಾರನಿಗೆ ಅಸಹ್ಯವಾಯಿತು’ ಎಂದು ಯಾರೂ ಹೇಳುವಂತಿಲ್ಲ. ಕಾವಲುಗಾರನ ಪಾತ್ರಧಾರಿ ಮೂಗು ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದಾಗ ಪ್ರೇಕ್ಷಕನಿಗೆ ಅದು ತಾನಾಗಿ ತಿಳಿಯಬೇಕು. ಕಥೆಯಲ್ಲಿ ‘ಹೇಳುವುದು’ ಮುಖ್ಯ, ನಾಟಕದಲ್ಲಿ ‘ಮಾಡಿ ತೋರಿಸುವುದು’ ಮುಖ್ಯ.

ವಿದ್ಯಾರ್ಥಿಗಳಿಗೆ ಇದೇ ಮೊದಲ ಅಭ್ಯಾಸವಾಗಬಹುದು. ಪಠ್ಯದಲ್ಲಿರುವ ಯಾವುದಾದರೂ ಕಥೆಯನ್ನು ತೆಗೆದುಕೊಂಡು ಅದರಲ್ಲಿ ‘ಕೋಪ ಬಂತು’, ‘ಭಯವಾಯಿತು’, ‘ಸಂತೋಷಗೊಂಡನು’ ಎಂದಿರುವ ಕಡೆಗಳಿಗೆಲ್ಲ ಗೆರೆ ಎಳೆಯಬೇಕು. ಆ ಭಾವವನ್ನು ಹೆಸರಿಸದೆ, ಒಂದು ಕ್ರಿಯೆಯಿಂದ ಅಥವಾ ಒಂದು ಮಾತಿನಿಂದ ತೋರಿಸುವುದು ಹೇಗೆಂದು ಯೋಚಿಸಬೇಕು.

ಶ್ರವ್ಯಕಾವ್ಯವನ್ನು ನಾಟಕವಾಗಿಸಿದ ದೊಡ್ಡ ಉದಾಹರಣೆ ಬಿ.ಎಂ. ಶ್ರೀಕಂಠಯ್ಯನವರದು. ನಾಗಮಂಗಲ ತಾಲೂಕಿನ ಬೆಳ್ಳೂರಿನ ಮನೆತನಕ್ಕೆ ಸೇರಿದ ಅವರು, ಹತ್ತನೆಯ ಶತಮಾನದ ಕವಿ ರನ್ನನ ‘ಗದಾಯುದ್ಧ’ವನ್ನು ‘ಗದಾಯುದ್ಧ ನಾಟಕಂ’ ಆಗಿ ರೂಪಾಂತರಿಸಿದರು. ಮಂಟೇಸ್ವಾಮಿಯ ಕಥೆಯೂ ಆಧುನಿಕ ರಂಗಭೂಮಿಗೆ ಬಂದಿದ್ದು, ಎಚ್.ಎಸ್. ಶಿವಪ್ರಕಾಶರು ಅದನ್ನು ಆಧರಿಸಿ ನಾಟಕ ರಚಿಸಿದ್ದಾರೆ.

ಮದ್ದೂರು: ಸಂಘರ್ಷ ಎಂಬ ಜೀವಾಳ

ಕಥೆಯನ್ನು ನಾಟಕವಾಗಿಸುವ ಶಕ್ತಿಯನ್ನು ಸಂಘರ್ಷ ಎನ್ನುತ್ತಾರೆ. ಒಂದು ಪಾತ್ರಕ್ಕೆ ಏನೋ ಬೇಕಾಗಿರುತ್ತದೆ. ಅದು ದೊರೆಯದಂತೆ ಇನ್ನೊಂದು ಪಾತ್ರ, ಸನ್ನಿವೇಶ ಅಥವಾ ತನ್ನದೇ ಮನಸ್ಸು ಅಡ್ಡ ಬರುತ್ತದೆ. ಇದಕ್ಕೆ ಮದ್ದೂರಿಗೆ ಹೊಂದಿಕೊಂಡಿರುವ ಶಿವಪುರದ ಚರಿತ್ರೆಯಲ್ಲಿ ಸಮರ್ಥವಾದ ನಿದರ್ಶನವಿದೆ.

1938ರ ಏಪ್ರಿಲ್ ತಿಂಗಳಿನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಶಿವಪುರದಲ್ಲಿ ನಡೆಯಿತು. ಅಲ್ಲಿ ಕಾಂಗ್ರೆಸ್ ಧ್ವಜವನ್ನು ಹಾರಿಸಕೂಡದೆಂದು ಸರ್ಕಾರ ನಿಷೇಧಿಸಿತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧವನ್ನು ಮುರಿದು ಧ್ವಜ ಹಾರಿಸಲಾಯಿತು. ನಾಯಕರು ಬಂಧನಕ್ಕೊಳಗಾದರು. ಈ ಘಟನೆಯ ನೆನಪಿಗಾಗಿ ಶಿವಪುರದಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಬೆಂಗಳೂರು ಮೈಸೂರು ನಡುವೆ ಓಡಾಡುವ ಅನೇಕರು ಅದನ್ನು ಕಂಡಿದ್ದಾರೆ, ಅದರ ಹಿಂದಿನ ಕಥೆಯನ್ನು ಬಲ್ಲವರು ಕಡಿಮೆ.

ಈ ಘಟನೆಯನ್ನು ಆಧರಿಸಿದ ಒಂದು ಪುಟ್ಟ ದೃಶ್ಯವನ್ನು ಕಲ್ಪಿಸಿಕೊಳ್ಳೋಣ. ಇದರಲ್ಲಿ ಬರುವ ಅಜ್ಜಿ ಮತ್ತು ಹುಡುಗ ಕಲ್ಪಿತ ಪಾತ್ರಗಳು.

(1938ರ ಏಪ್ರಿಲ್. ಧ್ವಜ ಹಾರಿಸುವ ಹಿಂದಿನ ಸಂಜೆ. ಮದ್ದೂರಿನ ಬಳಿಯ ಒಂದು ಮನೆಯ ಜಗಲಿ. ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದಾಳೆ. ದೂರದಲ್ಲಿ ಜನರ ಸದ್ದು. ಹುಡುಗ ಓಡಿ ಬರುತ್ತಾನೆ.)

ಹುಡುಗ: ಅಜ್ಜೀ, ನಾನೂ ಶಿವಪುರಕ್ಕೆ ಓಯ್ತೀನಿ.

ಅಜ್ಜಿ: ಕತ್ಲಾಯ್ತಾ ಬಂತು. ಅಲ್ಲಿ ನಿಂಗೇನ್ಲಾ ಕೆಲ್ಸ?

ಹುಡುಗ: ನಾಳೀಕೆ ಬಾವುಟ ಆರುಸ್ತಾರಂತೆ.

ಅಜ್ಜಿ: ಆರುಸ್ಬಾರ್ದು ಅಂತ ಸರ್ಕಾರ್ದೋರು ಯೋಳವ್ರಲ್ಲ.

ಹುಡುಗ: ಅದ್ಕೇಯ ಆರುಸ್ತಾರಂತೆ.

(ಅಜ್ಜಿಯ ಕೈ ನಿಲ್ಲುತ್ತದೆ. ಮೊರವನ್ನು ಕೆಳಗಿಡುತ್ತಾಳೆ.)

ಅಜ್ಜಿ: ನಿಮ್ಮಪ್ಪ ಎಲ್ಲವ್ನೆ?

ಹುಡುಗ: (ತಲೆ ತಗ್ಗಿಸಿ) ಶಿವಪುರದಲ್ಲೇ ಅವ್ನೆ. ಲಾಠಿ ಇಡ್ಕಂಡು.

ಏಳೇ ಮಾತುಗಳ ಈ ದೃಶ್ಯದಲ್ಲಿ ನಾಟಕದ ಮುಖ್ಯಾಂಶಗಳೆಲ್ಲವೂ ಇವೆ. ಅವುಗಳನ್ನು ಒಂದೊಂದಾಗಿ ಗುರುತಿಸಬಹುದು.

ವಸ್ತು: ದೃಶ್ಯ ಯಾವುದರ ಬಗ್ಗೆ ಇದೆಯೋ ಅದು ವಸ್ತು. ಇಲ್ಲಿ ಧ್ವಜ ಸತ್ಯಾಗ್ರಹ ಘಟನೆ ಮಾತ್ರ. ಒಂದೇ ಮನೆಯ ಜನರನ್ನು ಒಂದು ಬಾವುಟ ಎರಡು ಕಡೆ ನಿಲ್ಲಿಸಿದಾಗ ಏನಾಗುತ್ತದೆ ಎಂಬುದು ವಸ್ತು.

ಪಾತ್ರಗಳು: ರಂಗದ ಮೇಲೆ ಇಬ್ಬರೇ ಇದ್ದಾರೆ. ರಂಗಕ್ಕೆ ಬಾರದ ಮೂರನೆಯವನೊಬ್ಬನಿದ್ದಾನೆ. ಅವನು ಪೊಲೀಸ್ ಪೇದೆಯಾದ ತಂದೆ. ಕಣ್ಣಿಗೆ ಕಾಣದಿದ್ದರೂ ಅವನೇ ದೃಶ್ಯದ ತಿರುವಿಗೆ ಕಾರಣ.

ಸಂಘರ್ಷ: ಹುಡುಗನಿಗೆ ಹೋಗಬೇಕಾಗಿದೆ, ಅಜ್ಜಿ ತಡೆಯುತ್ತಾಳೆ. ಇದು ಹೊರಗಿನ ಸಂಘರ್ಷ. ಹುಡುಗ ತಲೆ ತಗ್ಗಿಸುವಾಗ ಅವನೊಳಗೆ ನಡೆಯುವುದು ಒಳಗಿನ ಸಂಘರ್ಷ.

ದೇಶಕಾಲ: ಸಂಜೆ, ಜಗಲಿ, ರಾಗಿ, ಮೊರ. ಈ ನಾಲ್ಕು ವಿವರಗಳಿಂದ ಯಾವ ಸೀಮೆ, ಯಾವ ಬಗೆಯ ಮನೆ ಎಂಬುದು ತಿಳಿಯುತ್ತದೆ.

ಸಂಭಾಷಣೆ: ಪಾತ್ರಗಳು ಪರಸ್ಪರ ಆಡುವ ಮಾತು. ಪ್ರತಿಯೊಂದು ಮಾತೂ ಕಥೆಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು.

ರಂಗಸೂಚನೆ: ಆವರಣ ಚಿಹ್ನೆಯೊಳಗಿರುವ ವಾಕ್ಯಗಳು. ಇವು ನಟರಿಗೆ ಮತ್ತು ನಿರ್ದೇಶಕರಿಗೆ ಬರೆದವು, ಪ್ರೇಕ್ಷಕರಿಗೆ ಓದಿ ಹೇಳುವಂಥವಲ್ಲ. ‘ಅಜ್ಜಿಯ ಕೈ ನಿಲ್ಲುತ್ತದೆ’ ಎಂಬ ಸೂಚನೆ ಒಂದು ದೀರ್ಘ ಮಾತಿನಷ್ಟೇ ಕೆಲಸ ಮಾಡುತ್ತದೆ.

ಚರಿತ್ರೆಗೆ ಎಷ್ಟು ನಿಷ್ಠೆ, ಕಲ್ಪನೆಗೆ ಎಷ್ಟು ಅವಕಾಶ?

ಐತಿಹಾಸಿಕ ನಾಟಕ ಬರೆಯುವವರು ಕಲ್ಪಿತ ಪಾತ್ರಗಳನ್ನು ಸೃಷ್ಟಿಸಬಹುದು. ಆದರೆ ನಡೆದ ಘಟನೆಯನ್ನು ತಿರುಚಬಾರದು. ಶಿವಪುರದ ವಸ್ತುವನ್ನು ಆರಿಸಿಕೊಳ್ಳುವ ಶಾಲೆಗಳು ಐದು ಅಂಶಗಳನ್ನು ಗಮನಿಸಬೇಕು.

ಒಂದು, ಅಂದು ಏರಿದ ಧ್ವಜ ಇಂದಿನ ರಾಷ್ಟ್ರಧ್ವಜವಲ್ಲ. 1931ರಲ್ಲಿ ಕಾಂಗ್ರೆಸ್ ಅಂಗೀಕರಿಸಿದ ತ್ರಿವರ್ಣ ಧ್ವಜದ ನಡುವೆ ಚರಕವಿತ್ತು. ಅಶೋಕ ಚಕ್ರವಿರುವ ಧ್ವಜವನ್ನು ಸಂವಿಧಾನ ರಚನಾ ಸಭೆ ಅಂಗೀಕರಿಸಿದ್ದು 1947ರ ಜುಲೈ 22ರಂದು.

ಎರಡು, ಪಾತ್ರಗಳು ‘ಮಂಡ್ಯ ಜಿಲ್ಲೆ’ ಎನ್ನುವಂತಿಲ್ಲ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಮೊದಲು ಈ ಭಾಗ ಮೈಸೂರು ಜಿಲ್ಲೆಗೆ ಸೇರಿತ್ತು.

ಮೂರು, ಎದುರಾಳಿಯಾಗಿ ಬ್ರಿಟಿಷ್ ಸೈನಿಕರನ್ನು ತರುವುದು ತಪ್ಪು. ಅದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಮೈಸೂರು ಸಂಸ್ಥಾನ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ನಿಷೇಧ ಹೇರಿದ್ದು ಸಂಸ್ಥಾನದ ಸರ್ಕಾರ, ಅದನ್ನು ಜಾರಿ ಮಾಡಬೇಕಾಗಿದ್ದವರು ಸಂಸ್ಥಾನದ್ದೇ ಪೊಲೀಸರು.

ನಾಲ್ಕು, ‘ಕ್ವಿಟ್ ಇಂಡಿಯಾ’ ಘೋಷಣೆ ಹುಟ್ಟಿದ್ದು 1942ರಲ್ಲಿ. ಅದನ್ನು 1938ರ ಜನರ ಬಾಯಲ್ಲಿ ಹೇಳಿಸಲಾಗದು.

ಐದು, ಗುಂಡಿಗೆ ಬಲಿಯಾದವರ ದೃಶ್ಯವನ್ನು ಶಿವಪುರಕ್ಕೆ ಸೇರಿಸಬಾರದು. ಧ್ವಜದ ವಿಷಯವಾಗಿ ಗೋಲಿಬಾರ್ ನಡೆದದ್ದು ಅದೇ ವರ್ಷ ಏಪ್ರಿಲ್ 25ರಂದು, ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ. ಇದಾದ ಬಳಿಕ ಸರ್ದಾರ್ ಪಟೇಲ್ ಮತ್ತು ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ ಧ್ವಜದ ವಿವಾದ ಬಗೆಹರಿಯಿತು.

ಮೂರನೆಯ ಅಂಶ ಇವುಗಳಲ್ಲಿ ಬಹು ಮುಖ್ಯವಾದುದು. ಎದುರಾಳಿಯನ್ನು ಕೇವಲ ದುಷ್ಟನನ್ನಾಗಿ ಚಿತ್ರಿಸಿದರೆ ನಾಟಕ ದುರ್ಬಲವಾಗುತ್ತದೆ. ಲಾಠಿ ಹಿಡಿದವನೂ ಇದೇ ಸೀಮೆಯವನು, ಇದೇ ಭಾಷೆಯವನು, ಸಂಬಳದಿಂದ ಮನೆ ನಡೆಸಬೇಕಾದವನು. ಅವನ ಕಡೆಯ ಮಾತನ್ನೂ ಪ್ರಾಮಾಣಿಕವಾಗಿ ಬರೆಯಲು ಕಲಿತ ವಿದ್ಯಾರ್ಥಿ ನಾಟಕದ ಪಾಠಕ್ಕಿಂತ ದೊಡ್ಡದೊಂದನ್ನು ಕಲಿತಿರುತ್ತಾನೆ.

ಯಾವ ಭಾಷೆಯಲ್ಲಿ ಬರೆಯಬೇಕು?

ಶಾಲಾ ನಾಟಕಗಳಲ್ಲಿ ಅಜ್ಜಿಯಿಂದ ಅಂಗಡಿಯವನವರೆಗೆ ಎಲ್ಲರೂ ಗ್ರಾಂಥಿಕ ಕನ್ನಡವನ್ನೇ ಆಡುವುದುಂಟು. ಮಕ್ಕಳ ಭಾಷೆ ಕೆಡಬಾರದು ಎಂಬ ಕಾಳಜಿ ಇದಕ್ಕೆ ಕಾರಣವಿರಬಹುದು. ಆದರೆ ಪಾತ್ರದ ಮಾತು ಪಾತ್ರಕ್ಕೆ ಸಹಜವಾಗಿರಬೇಕು. ಸಂಸ್ಕೃತ ನಾಟಕಗಳಲ್ಲಿಯೂ ರಾಜ ಸಂಸ್ಕೃತ ಆಡಿದರೆ ಸ್ತ್ರೀಪಾತ್ರಗಳೂ ಸೇವಕರೂ ಬಹುಮಟ್ಟಿಗೆ ಪ್ರಾಕೃತ ಭಾಷೆಗಳನ್ನು ಆಡುತ್ತಿದ್ದರು. ಕನ್ನಡದಲ್ಲಿ ಟಿ.ಪಿ. ಕೈಲಾಸಂ ಆಡುಮಾತನ್ನು ರಂಗದ ಮೇಲೆ ಧೈರ್ಯವಾಗಿ ತಂದರು.

ಮಂಡ್ಯ ಸೀಮೆಯ ಮಾತಿನಲ್ಲಿ ಹಕಾರ ಬಿದ್ದುಹೋಗುವುದು, ‘ಹೋಗುತ್ತೇನೆ’ ಎಂಬುದು ‘ಓಯ್ತೀನಿ’ ಆಗುವುದು ಸಾಮಾನ್ಯ. ಚಲನಚಿತ್ರಗಳಲ್ಲಿ ಈ ಭಾಷೆಯನ್ನು ಹೆಚ್ಚಾಗಿ ನಗೆಪಾತ್ರಗಳಿಗೆ ಮೀಸಲಿಡಲಾಗಿದೆ. ಅದೇ ಮಾತಿನಲ್ಲಿ ದುಃಖವನ್ನೂ ಗಾಂಭೀರ್ಯವನ್ನೂ ಹೇಳಬಹುದೆಂಬುದನ್ನು ಮಕ್ಕಳು ರಂಗದ ಮೇಲೆ ಕಂಡುಕೊಂಡರೆ ತಮ್ಮ ಮನೆಮಾತಿನ ಬಗ್ಗೆ ಅವರಿಗಿರುವ ಸಂಕೋಚ ಕಳೆಯುತ್ತದೆ.

ಸಂಭಾಷಣೆಯಲ್ಲಿ ಇನ್ನೂ ಎರಡು ಬಗೆಗಳನ್ನು ತಿಳಿದಿರಬೇಕು. ಪಾತ್ರವೊಂದು ತನಗೆ ತಾನೇ ಹೇಳಿಕೊಳ್ಳುವ, ಪ್ರೇಕ್ಷಕರಿಗೆ ಮಾತ್ರ ಕೇಳಿಸಬೇಕಾದ ಮಾತು ಸ್ವಗತ. ರಂಗದ ಮೇಲೆ ಹಲವರಿದ್ದಾಗ ಉಳಿದವರಿಗೆ ಕೇಳಿಸದಂತೆ ಒಬ್ಬರಿಗೆ ಮಾತ್ರ ಹೇಳುವ ಮಾತು ಜನಾಂತಿಕ.

ಅಂಕ, ದೃಶ್ಯ ಮತ್ತು ಕಥೆಯ ನಡೆ

ನಾಟಕದ ದೊಡ್ಡ ಭಾಗ ಅಂಕ, ಅದರೊಳಗಿನ ಸಣ್ಣ ಭಾಗ ದೃಶ್ಯ. ಸ್ಥಳವೋ ಕಾಲವೋ ಬದಲಾದಾಗ ಸಾಮಾನ್ಯವಾಗಿ ದೃಶ್ಯ ಬದಲಾಗುತ್ತದೆ. ಒಂದೇ ಅಂಕದಲ್ಲಿ ಮುಗಿಯುವುದು ಏಕಾಂಕ ನಾಟಕ. ಹದಿನೈದು ಇಪ್ಪತ್ತು ನಿಮಿಷಗಳ ಶಾಲಾ ಪ್ರದರ್ಶನಕ್ಕೆ ಏಕಾಂಕವೇ ಸೂಕ್ತ.

ಕಥೆ ಬೆಳೆಯುವ ಬಗೆಯನ್ನು ನಾಟ್ಯಶಾಸ್ತ್ರ ಐದು ಸಂಧಿಗಳಾಗಿ ವಿವರಿಸುತ್ತದೆ. ಅವು ಮುಖ, ಪ್ರತಿಮುಖ, ಗರ್ಭ, ವಿಮರ್ಶ ಮತ್ತು ನಿರ್ವಹಣ. ಶಿವಪುರದ ಹುಡುಗನ ಕಥೆಗೆ ಇವುಗಳನ್ನು ಸ್ಥೂಲವಾಗಿ ಹೊಂದಿಸಿ ನೋಡಬಹುದು. ಬಾವುಟ ನೋಡಬೇಕೆಂಬ ಆಸೆ ಮೊಳೆಯುವುದು ಮುಖ. ತಂದೆ ಎದುರು ಪಕ್ಷದಲ್ಲಿದ್ದಾನೆಂದು ಗೊತ್ತಾಗುವುದು ಪ್ರತಿಮುಖ. ಅಜ್ಜಿಯ ಕಣ್ಣು ತಪ್ಪಿಸಿ ಹುಡುಗ ಜನಸಂದಣಿಯನ್ನು ಸೇರುವುದು ಗರ್ಭ. ತಂದೆಯೂ ಮಗನೂ ಮುಖಾಮುಖಿಯಾಗಿ, ತಂದೆ ಲಾಠಿ ಎತ್ತುವನೋ ಇಲ್ಲವೋ ಎಂಬ ಆತಂಕ ಮೂಡುವುದು ವಿಮರ್ಶ. ಬಾವುಟ ಏರಿ, ನಾಯಕರು ಬಂಧಿತರಾಗಿ, ಆ ರಾತ್ರಿ ತಂದೆ ಮನೆಗೆ ಬರುವುದು ನಿರ್ವಹಣ.

ಬಾವುಟ ಏರಿದ್ದು, ಬಂಧನ ನಡೆದದ್ದು ಚರಿತ್ರೆ. ಅವುಗಳನ್ನು ಬದಲಿಸುವಂತಿಲ್ಲ. ತಂದೆ ಬಾಗಿಲಲ್ಲಿ ನಿಂತಾಗ ಮಗ ಏನು ಹೇಳಿದ, ಅಜ್ಜಿ ಇಬ್ಬರಿಗೂ ಮುದ್ದೆ ಬಡಿಸಿದಳೋ ಇಲ್ಲವೋ ಎಂಬುದನ್ನು ತರಗತಿಯ ಮಕ್ಕಳೇ ಚರ್ಚಿಸಿ ತೀರ್ಮಾನಿಸಲಿ.

ಮಂಡ್ಯ: ರಂಗದ ಮೇಲಿನ ಕೆಲಸ

ಬರೆದ ನಾಟಕ ಅರ್ಧ ಕೆಲಸ ಮಾತ್ರ. ಉಳಿದರ್ಧವನ್ನು ಕಲಿಯಲು ಊರಿನ ಪೌರಾಣಿಕ ನಾಟಕವೇ ಪಾಠಶಾಲೆ. ಹಳ್ಳಿಗಳಲ್ಲಿಯೂ ಮಂಡ್ಯ ನಗರದ ಕಲಾಮಂದಿರದಂತಹ ಸಭಾಂಗಣಗಳಲ್ಲಿಯೂ ನಡೆಯುವ ಈ ಪ್ರದರ್ಶನಗಳ ಹಿಂದೆ ಅಚ್ಚುಕಟ್ಟಾದ ವ್ಯವಸ್ಥೆಯಿದೆ. ಹಾರ್ಮೋನಿಯಂ ಮೇಷ್ಟ್ರು ಇಲ್ಲಿ ಸಂಗೀತ ನಿರ್ದೇಶಕನೂ ಹೌದು, ನಾಟಕದ ನಿರ್ದೇಶಕನೂ ಹೌದು. ಪಾತ್ರಧಾರಿಗಳು ಸಂಭಾವನೆ ಪಡೆಯುವುದಿಲ್ಲ. ಬದಲಾಗಿ ಖರ್ಚಿಗೆ ತಾವೇ ಹಣ ಹಾಕುತ್ತಾರೆ. ಕೃಷ್ಣ, ದುರ್ಯೋಧನರಂತಹ ದೊಡ್ಡ ಪಾತ್ರಗಳಿಗೆ ಹೆಚ್ಚು ಹಣ ಕೊಡಬೇಕಾಗುತ್ತದೆ. ಸೀನರಿ, ಉಡುಪು, ಕಿರೀಟ, ಗದೆಗಳು ಬಾಡಿಗೆಗೆ ಬರುತ್ತವೆ.

ಈ ಶೈಲಿಯ ಬೇರುಗಳು ವೃತ್ತಿ ನಾಟಕ ಕಂಪನಿಗಳಲ್ಲಿವೆ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಹೆಸರು ಮಾಡಿತ್ತು. ಹಳ್ಳಿಯ ತಂಡಗಳಿಗೆ ಆನೆಯನ್ನು ತರುವ ಶಕ್ತಿಯಿಲ್ಲ. ಆದರೂ ನಾಟಕ ನಿಲ್ಲಲಿಲ್ಲ. ಆನೆಯಿಲ್ಲದೆಯೂ ಯುದ್ಧ ನಡೆಯಬಲ್ಲದು ಎಂಬುದನ್ನು ನಟನ ಅಭಿನಯ ತೋರಿಸಿಕೊಟ್ಟಿತು.

ಅಭಿನಯದಲ್ಲಿ ನಾಲ್ಕು ವಿಧಗಳಿವೆ. ಕೈಕಾಲು, ಮುಖ, ನಡಿಗೆಗಳ ಮೂಲಕ ಮಾಡುವುದು ಆಂಗಿಕ. ಭೀಮ ಹೆಜ್ಜೆ ಇಡುವ ಬಗೆ ಶಕುನಿಯದಲ್ಲ. ಮಾತು, ಹಾಡು, ದನಿಯ ಏರಿಳಿತಗಳ ಮೂಲಕ ಮಾಡುವುದು ವಾಚಿಕ. ಉಡುಪು, ಬಣ್ಣ, ಆಭರಣ, ಸಲಕರಣೆಗಳಿಂದ ಆಗುವುದು ಆಹಾರ್ಯ. ಕಣ್ಣೀರು, ನಡುಕ, ರೋಮಾಂಚನಗಳಂತೆ ಮನಸ್ಸು ಭಾವದಲ್ಲಿ ಮುಳುಗಿದಾಗ ಹೊಮ್ಮುವುದು ಸಾತ್ತ್ವಿಕ. ಶಾಲಾ ನಾಟಕಗಳಲ್ಲಿ ಹಣ, ಸಮಯ ಎರಡೂ ಹೆಚ್ಚಾಗಿ ಆಹಾರ್ಯಕ್ಕೆ ಖರ್ಚಾಗುತ್ತವೆ. ಉಳಿದ ಮೂರಕ್ಕೆ ಹಣ ಬೇಕಿಲ್ಲ, ಅಭ್ಯಾಸ ಬೇಕು.

ರಂಗದ ದಿಕ್ಕುಗಳನ್ನೂ ಆರಂಭದಲ್ಲಿಯೇ ಕಲಿಯಬೇಕು. ರಂಗದ ಬಲ, ಎಡ ಎಂದರೆ ಪ್ರೇಕ್ಷಕರಿಗೆ ಎದುರಾಗಿ ನಿಂತ ನಟನ ಬಲ, ಎಡ. ಪ್ರೇಕ್ಷಕರಿಗೆ ಹತ್ತಿರದ ಭಾಗ ಮುಂರಂಗ, ದೂರದ ಭಾಗ ಹಿಂರಂಗ. ಪ್ರೇಕ್ಷಕರಿಗೆ ಕಾಣದ ಒಳಭಾಗ ನೇಪಥ್ಯ. ನಟರು ಒಳಹೊರಗೆ ಹೋಗುವ ಪಕ್ಕದ ಮರೆಗಳಿಗೆ ಸೈಡ್‌ವಿಂಗ್ ಎಂಬ ಹೆಸರಿದೆ. ಇಬ್ಬರು ಮಾತನಾಡುವಾಗ ಒಬ್ಬರು ಇನ್ನೊಬ್ಬರನ್ನು ಮರೆಮಾಡಬಾರದು. ಕೊನೆಯ ಸಾಲಿನಲ್ಲಿ ಕುಳಿತವರಿಗೂ ಮಾತು ಕೇಳಿಸಬೇಕು. ಮೈಕಿನ ಮುಂದೆ ಸಾಲಾಗಿ ನಿಂತು ಮಾತು ಒಪ್ಪಿಸುವ ರೂಢಿ ಅನೇಕ ಶಾಲೆಗಳಲ್ಲಿದೆ. ಇದರಿಂದ ಆಂಗಿಕ ಅಭಿನಯ ಸಂಪೂರ್ಣವಾಗಿ ಸತ್ತುಹೋಗುತ್ತದೆ.

ಬೆಳಕು ಮತ್ತು ಶಬ್ದ

ಹಿಂದೆ ಪಂಜು, ಎಣ್ಣೆದೀಪ, ಗ್ಯಾಸ್‌ಲೈಟುಗಳ ಬೆಳಕಿನಲ್ಲಿ ನಾಟಕಗಳು ನಡೆಯುತ್ತಿದ್ದವು. ಆ ಮಂದ ಬೆಳಕಿನಲ್ಲಿ ಮುಖ ಕಾಣಲು ದಟ್ಟವಾದ ಬಣ್ಣ, ಹೊಳೆಯುವ ಕಿರೀಟ, ದೊಡ್ಡ ಚಲನೆಗಳು ಅಗತ್ಯವಾಗಿದ್ದವು. ವಿದ್ಯುತ್ ಬಂದ ಮೇಲೆ ಬೆಳಕು ಕೇವಲ ಕಾಣಿಸುವ ಸಾಧನವಾಗಿ ಉಳಿಯದೆ ಅರ್ಥ ಹೇಳುವ ಸಾಧನವೂ ಆಯಿತು. ಸಂಜೆಗೆ ಕೆಂಪು ಹಳದಿ, ರಾತ್ರಿಗೆ ನೀಲಿ, ಒಬ್ಬನೇ ಪಾತ್ರದ ಮೇಲೆ ಗಮನ ಸೆಳೆಯಲು ಒಂದೇ ದೀಪ ಎಂಬ ಕ್ರಮಗಳು ರೂಢಿಗೆ ಬಂದವು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರದ ಕೇಂದ್ರ ಮಳವಳ್ಳಿ ತಾಲೂಕಿನಲ್ಲಿಯೇ ಇದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಶಾಲೆಯಲ್ಲಿ ವಿಶೇಷ ದೀಪಗಳಿಲ್ಲದಿದ್ದರೆ ಹಗಲು ಬೆಳಕೇ ಸಾಕು. ಶಬ್ದಕ್ಕೂ ಯಂತ್ರ ಬೇಕಾಗಿಲ್ಲ. ಶಿವಪುರದ ದೃಶ್ಯದ ‘ಜನರ ಸದ್ದ’ನ್ನು ಪಾತ್ರವಿಲ್ಲದ ಮಕ್ಕಳು ನೇಪಥ್ಯದಲ್ಲಿ ನಿಂತು ಮಾಡಬಹುದು. ಮೊರದ ಮೇಲೆ ಕಾಳು ಸುರಿದರೆ ಮಳೆಯ ಸದ್ದಾಗುತ್ತದೆ, ತಗಡಿನ ಹಾಳೆ ಅಲುಗಿಸಿದರೆ ಗುಡುಗಾಗುತ್ತದೆ.

ತರಗತಿಯಲ್ಲಿ ನಾಟಕ ಕಟ್ಟುವ ಕ್ರಮ

ನಲವತ್ತು ಮಕ್ಕಳಿರುವ ತರಗತಿಯಲ್ಲಿ ನಾಲ್ವರಿಗೆ ಪಾತ್ರ ಕೊಟ್ಟು ಉಳಿದವರನ್ನು ಪ್ರೇಕ್ಷಕರನ್ನಾಗಿ ಕೂರಿಸುವುದು ಸರಿಯಲ್ಲ. ನಾಟಕ ಸಾಮೂಹಿಕ ಕಲೆ. ಬರೆಯುವವರು, ನಟಿಸುವವರು, ಹಾಡುವವರು, ಸಲಕರಣೆ ಜೋಡಿಸುವವರು, ಮಾತು ಮರೆತಾಗ ಮೆಲ್ಲನೆ ನೆನಪಿಸುವ ಪ್ರಾಂಪ್ಟರ್, ಎಲ್ಲವನ್ನೂ ನೋಡಿಕೊಳ್ಳುವ ರಂಗನಿರ್ವಾಹಕ, ಹೀಗೆ ಎಲ್ಲರಿಗೂ ಕೆಲಸವಿದೆ. ಜನಸಂದಣಿಯ ದೃಶ್ಯದಲ್ಲಿ ಇಡೀ ತರಗತಿಯೇ ರಂಗದ ಮೇಲೆ ಬರಬಹುದು.

ಮೊದಲ ವಾರ ವಸ್ತುವಿನ ಆಯ್ಕೆ, ಹಿರಿಯರಿಂದ ಮಾಹಿತಿ ಸಂಗ್ರಹ ಮತ್ತು ಸ್ಥಳ ವೀಕ್ಷಣೆ ನಡೆಯಲಿ. ಎರಡನೆಯ ವಾರ ಮಕ್ಕಳು ಮಾತುಗಳನ್ನು ಮೊದಲು ಆಡಿ ನೋಡಿ, ಆಮೇಲೆ ಬರೆಯಲಿ. ಮೂರನೆಯ ವಾರ ಪಾತ್ರ ಹಂಚಿಕೆ ಮತ್ತು ಗಟ್ಟಿಯಾಗಿ ಓದುವ ಅಭ್ಯಾಸ. ನಾಲ್ಕನೆಯ ವಾರ ಚಲನೆಗಳೊಂದಿಗೆ ತಾಲೀಮು. ಉಡುಪಿನ ಮಾತು ಕೊನೆಯಲ್ಲಿ ಬಂದರೆ ಸಾಕು. ಯಾವ ಪಾತ್ರವನ್ನು ಯಾರು ಮಾಡಬೇಕು ಎಂಬುದರಲ್ಲಿ ಜಾತಿ, ಲಿಂಗ, ಮೈಬಣ್ಣಗಳು ಅಡ್ಡಬಾರದಂತೆ ಶಿಕ್ಷಕರು ಎಚ್ಚರ ವಹಿಸಬೇಕು. ಮೆಲುದನಿಯ ಮಗುವಿಗೆ ಒಂದೇ ಮಾತಿನ ಪಾತ್ರ ದೊರೆತರೂ ಆ ಮಾತು ಕಥೆಗೆ ಅನಿವಾರ್ಯವಾಗಿರಲಿ.

ಓದಲು, ನೋಡಲು

ಕನ್ನಡ ನಾಟಕದ ಚರಿತ್ರೆಯಲ್ಲಿ ಮಂಡ್ಯ ಜಿಲ್ಲೆಯ ನ್ಯಾಯವಾದ ಪಾಲು ದೊಡ್ಡದು. ಈಗ ದೊರೆತಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದೆಂದು ಪರಿಗಣಿತವಾದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’, ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ರಚಿತವಾಯಿತು. ಅದು ಹರ್ಷನ ‘ರತ್ನಾವಳಿ’ಯನ್ನು ಆಧರಿಸಿದ್ದು. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ ‘ಅಹಲ್ಯೆ’, ‘ಗೋಕುಲ ನಿರ್ಗಮನ’ಗಳ ಮೂಲಕ ಗೀತನಾಟಕಕ್ಕೆ ಘನತೆ ತಂದರು. ಕೆ.ಆರ್. ಪೇಟೆ ತಾಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಫ್ರೆಂಚ್ ನಾಟಕಕಾರ ಮೊಲಿಯೇರನ ನಾಟಕವನ್ನು ‘ಆಷಾಢಭೂತಿ’ಯಾಗಿ ಕನ್ನಡಕ್ಕೆ ಒಗ್ಗಿಸಿದರು.

ಮಕ್ಕಳು ಓದಿ ಆಡಲು ಕುವೆಂಪು ಅವರ ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’, ಬಿ.ವಿ. ಕಾರಂತರ ‘ಪಂಜರಶಾಲೆ’, ಚಂದ್ರಶೇಖರ ಕಂಬಾರರ ‘ಕಿಟ್ಟಿಯ ಕಥೆ’, ವೈದೇಹಿಯವರ ಮಕ್ಕಳ ನಾಟಕಗಳು ಉತ್ತಮ ಆಯ್ಕೆಗಳು. ಮೈಸೂರಿನಲ್ಲಿ 1989ರಲ್ಲಿ ಆರಂಭವಾದ ರಂಗಾಯಣವೂ, ನಾಗಮಂಗಲ ಮೂಲದ ನಟ ಮಂಡ್ಯ ರಮೇಶ್ ಕಟ್ಟಿದ ‘ನಟನ’ ಸಂಸ್ಥೆಯೂ ಮಕ್ಕಳಿಗಾಗಿ ರಂಗ ಶಿಬಿರಗಳನ್ನು ನಡೆಸುತ್ತ ಬಂದಿವೆ.

ಊರಿನಲ್ಲಿ ಮುಂದಿನ ಬಾರಿ ‘ಕುರುಕ್ಷೇತ್ರ’ ನಡೆದಾಗ ಮಕ್ಕಳನ್ನು ಒಂದು ಪ್ರಶ್ನೆಯೊಂದಿಗೆ ಕರೆದೊಯ್ಯಬಹುದು. ಕೃಷ್ಣ ಸಂಧಾನಕ್ಕೆ ಬಂದಾಗ ಯಾರಿಗೆ ಏನು ಬೇಕಾಗಿದೆ, ಯಾರು ಅಡ್ಡಿಯಾಗಿದ್ದಾರೆ, ಯಾವ ಮಾತಿನಿಂದ ಮುಂದಿನ ದಾರಿ ಮುಚ್ಚಿಹೋಯಿತು? ಇಷ್ಟನ್ನು ಗುರುತಿಸಿದ ಮಗುವಿಗೆ ಪಠ್ಯಪುಸ್ತಕದ ನಾಟಕದ ಪಾಠ ಮತ್ತೆ ಅಪರಿಚಿತವಾಗಿ ತೋರುವುದಿಲ್ಲ.